ಬರುವ ಕಾರೋ, ಹೋಗುವ ಕಾರೋ?

2019ರ ಜುಲೈ 18ರ ರಾತ್ರಿ ಕ್ಯಾಲಿಫೋರ್ನಿಯಾದ ಟಸ್ಟಿನ್‌ನಲ್ಲಿ, ಒಂದು ಹಳೆಯ ಹ್ಯಾಂಗರ್‌ನೊಳಗೆ, ಷೆವರ್ಲೆ ಕಂಪನಿ ಕಾರ್ವೆಟ್ ಎಂಬ ತನ್ನ ಸ್ಪೋರ್ಟ್ಸ್ ಕಾರಿನ ಹೊಸ ಮಾದರಿಯನ್ನು ಜನರ ಮುಂದಿಟ್ಟಿತು. ಎಂಟನೆಯ ತಲೆಮಾರಿನದು, ಹಾಗಾಗಿ ಅಭಿಮಾನಿಗಳ ಬಾಯಲ್ಲಿ ಸಿ8. ಆ ಹೊತ್ತಿಗೆ ಅಮೆರಿಕದ ಷೋರೂಮ್‌ಗಳಲ್ಲಿ ಏಳನೆಯ ತಲೆಮಾರಿನ ಕಾರುಗಳು, ಅಂದರೆ ಸಿ7ಗಳು, ಸಾವಿರಾರು ಸಂಖ್ಯೆಯಲ್ಲಿ ನಿಂತಿದ್ದವು. ಅವೂ ಹೊಸವೇ. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಹಳೆಯವಾಗಿಬಿಟ್ಟಿದ್ದವು.

ಮುಂದಿನ ವಾರ ಡಲ್ಲಾಸ್‌ನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಹಳೇದಕ್ಕೆ ಒಳ್ಳೇ ರಿಯಾಯಿತಿ ಕೊಡ್ತಿದ್ದಾರೆ. ಹೊಸದು ಬುಕ್ ಮಾಡಿದ್ರೆ ಮುಂದಿನ ವರ್ಷ ಬರುತ್ತೆ. ಯಾವುದು ತಗೊಳ್ಳಲಿ?" ಬೆಂಗಳೂರಿನಲ್ಲಿ ಹತ್ತು ವರ್ಷದ ಹ್ಯಾಚ್‌ಬ್ಯಾಕ್ ಓಡಿಸುವವನನ್ನು ಕೇಳುವ ಪ್ರಶ್ನೆಯೇ ಇದು? ಆದರೆ ಚಿಕ್ಕಂದಿನಲ್ಲಿ ಅವನಿಗೆ ಕಾರಿನ ಹುಚ್ಚು ಹಿಡಿಸಿದವನು ನಾನೇ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಮಾಮೂಲಿ ಕಾರಾಗಿದ್ದರೆ ಉತ್ತರ ಸುಲಭ. ಹೊಸ ಮಾದರಿಯಲ್ಲಿ ಲೈಟು ಬದಲಾಗಿರುತ್ತದೆ, ಪರದೆ ಎರಡು ಇಂಚು ದೊಡ್ಡದಾಗಿರುತ್ತದೆ, ಮೈಲೇಜ್ ಒಂದಿಷ್ಟು ಜಾಸ್ತಿ ಇರುತ್ತದೆ. ಆ ಬದಲಾವಣೆಗೆ ಇಂತಿಷ್ಟು ದುಡ್ಡು ಎಂದು ಲೆಕ್ಕ ಹಾಕಬಹುದು. ಹಳೆಯದರ ರಿಯಾಯಿತಿ ಅದಕ್ಕಿಂತ ಹೆಚ್ಚಿದ್ದರೆ ಹಳೆಯದನ್ನೇ ತಗೊಂಡರಾಯಿತು. ಸ್ಪೋರ್ಟ್ಸ್ ಕಾರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದನ್ನು ಯಾರೂ ಅಗತ್ಯಕ್ಕೆ ಕೊಳ್ಳುವುದಿಲ್ಲ. ಓಡಿಸುವಾಗ ಸಿಗುವ ಖುಷಿಗೇ ದುಡ್ಡು ಕೊಡುವುದು. ಹಾಗಾಗಿ ಮೊದಲು ನೋಡಬೇಕಾದದ್ದು ಇಷ್ಟು: ಬಂದಿರುವುದು ಅದೇ ಕಾರಿನ ಸುಧಾರಿತ ರೂಪವೋ, ಅದೇ ಹೆಸರು ಇಟ್ಟುಕೊಂಡ ಬೇರೆ ಕಾರೋ?

ಕಾರ್ವೆಟ್ ವಿಷಯದಲ್ಲಿ ಅದು ಬೇರೆ ಕಾರೇ.

1953ರಲ್ಲಿ ಮೊದಲ ಕಾರ್ವೆಟ್ ಬಂದಾಗಿನಿಂದ ಸಿ7ವರೆಗೆ ಎಂಜಿನ್ ಇದ್ದದ್ದು ಬಾನೆಟ್ ಕೆಳಗೆ, ಚಾಲಕನ ಮುಂದೆ. ಸಿ8ರಲ್ಲಿ ಅದು ಚಾಲಕನ ಬೆನ್ನ ಹಿಂದೆ, ಹಿಂದಿನ ಚಕ್ರಗಳಿಗಿಂತ ಸ್ವಲ್ಪ ಮುಂದೆ ಹೋಯಿತು. ಕಾರ್ವೆಟ್‌ನ ಪಿತಾಮಹ ಎನಿಸಿಕೊಂಡ ಎಂಜಿನಿಯರ್ ಜೋರಾ ಆರ್ಕಸ್ ಡಂಟೋವ್ 1960ರ ಸುಮಾರಿಗೇ ಇಂಥ ಕಾರು ಬೇಕೆಂದು ಹಟ ಹಿಡಿದಿದ್ದರು, ಪ್ರಯೋಗದ ಕಾರುಗಳನ್ನೂ ಕಟ್ಟಿದ್ದರು. ಕಂಪನಿ ಒಪ್ಪಲಿಲ್ಲ. 1996ರಲ್ಲಿ ಅವರು ತೀರಿಕೊಂಡರು. ಅವರ ಆಸೆ ಈಡೇರಿದ್ದು ಅದಾಗಿ 23 ವರ್ಷಕ್ಕೆ.

ಎಂಜಿನ್ ಹಿಂದೆ ಹೋದರೆ ಏನಾಗುತ್ತದೆ? ಮಲೆನಾಡಿನಲ್ಲಿ ಮಳೆಗಾಲದ ಏರುದಾರಿಯಲ್ಲಿ ಖಾಲಿ ಪಿಕಪ್ ಗಾಡಿ ಹಿಂದಿನ ಚಕ್ರ ಸುಮ್ನೆ ತಿರುಗಿಸುತ್ತಾ ನಿಂತಲ್ಲೇ ನಿಲ್ಲುವುದನ್ನು ನೋಡಿರುತ್ತೀರಿ. ಹಿಂದಕ್ಕೆ ನಾಲ್ಕು ಮೂಟೆ ಅಡಿಕೆ ಹಾಕಿದರೆ ಅದೇ ಗಾಡಿ ಹತ್ತಿಬಿಡುತ್ತದೆ. ತಳ್ಳುವ ಚಕ್ರದ ಮೇಲೆ ಭಾರ ಇದ್ದಷ್ಟೂ ಹಿಡಿತ ಜಾಸ್ತಿ. ಸಿ7ರಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಭಾರ ಹೆಚ್ಚುಕಡಿಮೆ ಅರ್ಧಅರ್ಧ. ಸಿ8ರಲ್ಲಿ ಸುಮಾರು ಶೇ 60ರಷ್ಟು ಭಾರ ಹಿಂದಿನ ಚಕ್ರಗಳ ಮೇಲೆ.

ಇದರ ಫಲ ಎಷ್ಟೆಂದು ತಿಳಿಯಲು ಒಂದು ಹೋಲಿಕೆ ಸಾಕು. ಸಿ7 ಪೈಕಿ ಎಲ್ಲಕ್ಕಿಂತ ಬಲಶಾಲಿಯಾದ ಝಡ್‌ಆರ್1ಗೆ 755 ಎಚ್‌ಪಿ. ಬೆಲೆ 1,19,995 ಡಾಲರ್‌ನಿಂದ ಶುರು. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಅದಕ್ಕೆ ಕಂಪನಿಯ ಲೆಕ್ಕದಲ್ಲೇ 2.85 ಸೆಕೆಂಡ್ ಬೇಕು. ಸಿ8 ಶುರುವಾದದ್ದು 59,995 ಡಾಲರ್‌ಗೆ. ಅದಕ್ಕೆ ಝಡ್51 ಎಂಬ ಪ್ಯಾಕೇಜ್ ಸೇರಿಸಿದರೆ 495 ಎಚ್‌ಪಿ, ಸಮಯ 2.9 ಸೆಕೆಂಡ್. 260 ಎಚ್‌ಪಿ ಕಡಿಮೆ, ಬೆಲೆ ಹತ್ತಿರ ಹತ್ತಿರ ಅರ್ಧ, ಆದರೂ ಅದರ ಬಾಲ ಹಿಡಿದೇ ಓಡುತ್ತದೆ. ಅಂಕಿ ನೋಡಿದ ಯಾರಿಗಾದರೂ ಸಿ7 ಕೊಳ್ಳುವುದು ದಡ್ಡತನ ಅನ್ನಿಸಬೇಕು.

ಆದರೆ ಸಿ8ರಲ್ಲಿ ಕ್ಲಚ್ ಪೆಡಲ್ ಇಲ್ಲ. ಎಂಟು ಗೇರಿನ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಒಂದೇ ಗತಿ. ಸಿ7ರಲ್ಲಿ ಏಳು ಗೇರಿನ ಮ್ಯಾನ್ಯುವಲ್ ಸಿಗುತ್ತಿತ್ತು. ಮ್ಯಾನ್ಯುವಲ್ ಏಕೆ ಬಿಟ್ಟಿರಿ ಎಂದು ಜನ ಬೇಜಾರಿನಿಂದಲೇ ಕೇಳಿದರು. ಕಾರಿನ ನಡುವೆ ಬೆನ್ನುಮೂಳೆಯಂತೆ ಹಾಯ್ದುಹೋಗುವ ಗಟ್ಟಿ ಚೌಕಟ್ಟಿಗೆ ಗೇರ್ ಲಿವರ್‌ಗಾಗಿ ತೂತು ಕೊರೆಯಬೇಕಾಗುತ್ತಿತ್ತು ಎಂದರು ಎಂಜಿನಿಯರುಗಳು. ಇಷ್ಟು ಕಡಿಮೆ ಸಂಖ್ಯೆಗೆ ಹೊಸ ಗೇರ್‌ಬಾಕ್ಸ್ ಮಾಡಿಕೊಡುವವರೂ ಬೇಕಲ್ಲ. ನನ್ನ ಹಳೆಯ ಮಾರುತಿ 800ರಲ್ಲಿ, ಎಡಗಾಲು ನಡುಗಿಸುತ್ತಾ ಕ್ಲಚ್ ಕಲಿತವನು ಅಕ್ಕನ ಮಗ. ಅವನ ಗೊಂದಲ ಇದ್ದದ್ದೇ ಅಲ್ಲಿ. 2.9 ಸೆಕೆಂಡ್ ಬೇಕೋ, ಮೂರು ಪೆಡಲ್ ಬೇಕೋ?

ಸರಿ, ಇನ್ನು ದುಡ್ಡಿನ ಮಾತು. ಇದೇ ಎಲ್ಲರಿಗೂ ತಪ್ಪಾಗಿ ಅರ್ಥವಾಗುವ ಭಾಗ.

ಅಮೆರಿಕದಲ್ಲಿ ಇಂಥ ಕಾರುಗಳನ್ನು ಕಂಪನಿ ನೇರವಾಗಿ ಮಾರುವುದಿಲ್ಲ. ಮಾರುವವರು ಡೀಲರ್‌ಗಳು. ಅವರು ಕಂಪನಿಯ ನೌಕರರಲ್ಲ, ಸ್ವತಂತ್ರ ವ್ಯಾಪಾರಿಗಳು. ಗಾಜಿಗೆ ಅಂಟಿಸಿದ ಸ್ಟಿಕರ್ ಮೇಲಿನ ಬೆಲೆ ಕಂಪನಿಯ ಸಲಹೆ ಅಷ್ಟೆ. ಅದಕ್ಕಿಂತ ಕಡಿಮೆಗೂ ಮಾರಬಹುದು, ಜಾಸ್ತಿಗೂ ಮಾರಬಹುದು. ಹೊಸ ಮಾದರಿ ಬಂದಾಗ ಒಬ್ಬೊಬ್ಬ ಡೀಲರ್‌ಗೆ ಇಷ್ಟೇ ಕಾರು ಎಂದು ಕಂಪನಿ ಹಂಚುತ್ತದೆ. ಹಿಂದೆ ಜಾಸ್ತಿ ಮಾರಿದವರಿಗೆ ಜಾಸ್ತಿ. ಸಣ್ಣ ಡೀಲರ್‌ಗೆ ಮೂರು ಕಾರು ಬಂದು, ಕೇಳುವವರು ಮೂವತ್ತು ಜನ ಇದ್ದರೆ ಸ್ಟಿಕರ್ ಪಕ್ಕ ಇನ್ನೊಂದು ಸ್ಟಿಕರ್ ಬರುತ್ತದೆ. ಅದಕ್ಕೆ 'ಮಾರ್ಕೆಟ್ ಅಡ್ಜಸ್ಟ್‌ಮೆಂಟ್' ಎಂದು ಚೆಂದದ ಹೆಸರು. ನಮ್ಮ ಕಡೆ ಅದನ್ನು ಬ್ಲಾಕ್ ಟಿಕೆಟ್ ಎನ್ನುತ್ತಿದ್ದೆವು.

ಹೋಗುವ ಕಾರಿನದು ಇದರ ತಿರುಗಾಮುರುಗ. ಡೀಲರ್ ಅಂಗಳದಲ್ಲಿ ನಿಂತಿರುವ ಕಾರುಗಳೆಲ್ಲ ಸಾಲದ ಮೇಲೆ ತಂದವು. ದಿನದಿನಕ್ಕೂ ಬಡ್ಡಿ ಓಡುತ್ತಿರುತ್ತದೆ. ಹೊಸದು ಬರುತ್ತದೆ ಎಂಬ ಸುದ್ದಿ ಹಬ್ಬಿದ ಮೇಲೆ ಹಳೆಯದನ್ನು ಕೇಳುವವರು ಕಮ್ಮಿ. ಬಡ್ಡಿ ಕಟ್ಟುವ ಬದಲು ಬೆಲೆ ಇಳಿಸಿ ಕಳಿಸುವುದೇ ಅವರಿಗೆ ಲಾಭ. ಕಂಪನಿಯೂ ಒಂದಿಷ್ಟು ರಿಯಾಯಿತಿ, ಕಡಿಮೆ ಬಡ್ಡಿಯ ಸಾಲ ಕೊಟ್ಟು ಕೈಜೋಡಿಸುತ್ತದೆ. ಹಾಗಾಗಿ ಚೌಕಾಸಿಗೆ ಒಳ್ಳೆಯ ಹೊತ್ತು ಹೊಸ ಕಾರು ತೋರಿಸಿದ ದಿನವಲ್ಲ. ಅದಾದ ಮೇಲಿನ ತಿಂಗಳುಗಳು, ಅದರಲ್ಲೂ ತಿಂಗಳ ಕೊನೆ, ವರ್ಷದ ಕೊನೆ.

ಇಲ್ಲಿಯವರೆಗಿನದನ್ನು ನಂಬಿದರೆ ಒಂದು ಸೂತ್ರ ಸಿಗುತ್ತದೆ. ಹೊಸದನ್ನು ಮೊದಲ ವರ್ಷ ಕೊಂಡವನಿಗೆ ನಷ್ಟ, ಹಳೆಯದನ್ನು ಕೊನೆಯ ವರ್ಷ ಕೊಂಡವನಿಗೆ ಲಾಭ. ನಾನೂ 2019ರಲ್ಲಿ ಇದನ್ನೇ ಹೇಳಿದೆ. ತಪ್ಪಾಯಿತು.

ಆ ವರ್ಷ ಸೆಪ್ಟೆಂಬರ್ 16ರಂದು ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನ ಕಾರ್ಮಿಕರ ಮುಷ್ಕರ ಶುರುವಾಯಿತು. 40 ದಿನ ನಡೆಯಿತು. ವರ್ಷದ ಕೊನೆಗೆ ಶುರುವಾಗಬೇಕಿದ್ದ ಸಿ8 ತಯಾರಿಕೆ ಕೆಂಟಕಿಯ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ 2020ರ ಫೆಬ್ರುವರಿಗೆ ಶುರುವಾಯಿತು. ಮಾರ್ಚ್‌ನಲ್ಲಿ ಕೋವಿಡ್ ಬಂದು ಕಾರ್ಖಾನೆ ಮುಚ್ಚಿತು. ತೆರೆದದ್ದು ಮೇ ಕೊನೆಯಲ್ಲಿ. ಬುಕ್ ಮಾಡಿದ್ದ ಎಷ್ಟೋ ಜನರ ಆರ್ಡರ್ ಮುಂದಿನ ವರ್ಷದ ಮಾದರಿಗೆ ಜಾರಿತು. ಅದರ ಹಿಂದೆಯೇ ಚಿಪ್ ಕೊರತೆ. 2021ರ ಹೊತ್ತಿಗೆ ವರ್ಷ ಓಡಿಸಿದ ಸಿ8 ಹೊಸದರ ಸ್ಟಿಕರ್ ಬೆಲೆಗಿಂತ ಜಾಸ್ತಿಗೆ ಮಾರಾಟವಾಗುತ್ತಿತ್ತು. ಸ್ಟಿಕರ್ ಬೆಲೆಗೆ ಮೊದಲ ಸರದಿಯಲ್ಲೇ ಕಾರು ಪಡೆದವರು ಓಡಿಸಿಯೂ ಲಾಭ ಮಾಡಿಕೊಂಡರು. ಕೊಂಡ ಕೂಡಲೇ ಮಾರುವವರ ಕಾಟ ಎಷ್ಟಾಯಿತೆಂದರೆ, ಸಿ8ರ ಇನ್ನೂ ಬಲಶಾಲಿ ರೂಪವಾದ 2023ರ ಝಡ್06 ಮಾದರಿ ಬರುವಾಗ, ಒಂದು ವರ್ಷ ಮಾರದೆ ಇಟ್ಟುಕೊಂಡ ಗ್ರಾಹಕರಿಗೆ 5 ಲಕ್ಷ ರಿವಾರ್ಡ್ ಪಾಯಿಂಟ್ ಕೊಡುತ್ತೇವೆ ಎಂದು ಕಂಪನಿಯೇ ಆಮಿಷ ಒಡ್ಡಿತು.

ಹಾಗಂತ ಈ ಲಾಭವನ್ನೂ ಸೂತ್ರ ಮಾಡಿಕೊಳ್ಳಬೇಡಿ. ಅದು ಮುಷ್ಕರ, ರೋಗ, ಚಿಪ್ ಮೂರೂ ಒಟ್ಟಿಗೆ ಬಂದಾಗಿನ ಮಾತು. ಸ್ಟಿಕರ್ ಮೇಲೆ 15-20 ಸಾವಿರ ಡಾಲರ್ ಕೊಟ್ಟು ಆ ನೂಕುನುಗ್ಗಲಿನಲ್ಲಿ ಕೊಂಡವರಿಗೆ, ಬೆಲೆ ಮಾಮೂಲಿಗೆ ಬಂದ ಮೇಲೆ, ಸರಿಯಾಗಿಯೇ ಹೊಡೆತ ಬಿತ್ತು. ಹಾಗೆ ಕೊಟ್ಟ ಹೆಚ್ಚಿನ ದುಡ್ಡಿಗೆ ಎಲ್ಲೂ ರಕ್ಷಣೆ ಇಲ್ಲ. ಕಾರು ಪೂರ್ತಿ ಜಖಂ ಆದರೆ ವಿಮಾ ಕಂಪನಿ ಕೊಡುವುದು ಆ ದಿನದ ಮಾರುಕಟ್ಟೆ ಬೆಲೆಯನ್ನು, ನೀವು ಆಸೆಗೆ ಬಿದ್ದು ಕೊಟ್ಟದ್ದನ್ನಲ್ಲ.

ಇನ್ನು ಮೊದಲ ವರ್ಷದ ಕಾಯಿಲೆಗಳು. ಹೊಸ ಕಾರನ್ನು ಎಷ್ಟೇ ಪರೀಕ್ಷೆ ಮಾಡಿದರೂ ಸಾವಿರಾರು ಜನ ಸಾವಿರಾರು ಥರ ಓಡಿಸಿದಾಗಲೇ ಕೆಲವು ದೋಷ ಹೊರಬೀಳುವುದು. ಸಿ8ರಲ್ಲಿ ಎಂಜಿನ್ ಹಿಂದೆ ಹೋದ್ದರಿಂದ ಮುಂದೆ ಸಾಮಾನಿಡುವ ಒಂದು ಸಣ್ಣ ಡಿಕ್ಕಿ ಬಂತು. ಅದರ ಮುಚ್ಚಳ ಸರಿಯಾಗಿ ಕೂರದೆ ಇದ್ದಾಗ, ಎಚ್ಚರಿಕೆಯ ಸೂಚನೆ ಗಮನಿಸದೆ ಓಡಿಸಿದವರಿಗೆ, ಓಡುತ್ತಿರುವಾಗಲೇ ಅದು ಎದ್ದು ಗಾಜಿಗೆ ಬಡಿಯಿತು. 2020ರಲ್ಲಿ ರೀಕಾಲ್ ಆಯಿತು, ಅಂದರೆ ಮಾರಿದ ಕಾರುಗಳನ್ನು ಸರಿಪಡಿಸಲು ಕಂಪನಿಯೇ ಕರೆ ಕೊಟ್ಟಿತು. ಪರಿಹಾರ ನನಗೆ ಭಾರಿ ಇಷ್ಟವಾಯಿತು: ಸಾಫ್ಟ್‌ವೇರ್ ಬದಲಿಸಿ, ಮುಚ್ಚಳ ತೆರೆದಿದ್ದರೆ ಕಾರು ಗಂಟೆಗೆ 26 ಮೈಲಿ ದಾಟದಂತೆ ಮಾಡಿದರು.

ಅದು ಸಣ್ಣದು. ದೊಡ್ಡದು ನೋಡಬೇಕೆಂದರೆ ಪೋರ್ಷೆ ಕಂಪನಿಯ ಸ್ಪೋರ್ಟ್ಸ್ ಕಾರು 911ರ ಜಿಟಿ3 ಮಾದರಿ ನೆನಪು ಮಾಡಿಕೊಳ್ಳಿ. 991 ಎಂಬ ಸಂಕೇತದ ತಲೆಮಾರಿನ ಜಿಟಿ3 ಹೊಸದಾಗಿ ಬಂದಾಗ ಎರಡು ಕಾರಿಗೆ ಬೆಂಕಿ ಬಿತ್ತು. ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್‌ನ ಬೋಲ್ಟ್ ಸಡಿಲವಾಗಿದ್ದೇ ಕಾರಣ. 2014ರ ಆರಂಭದಲ್ಲಿ ಪೋರ್ಷೆ ಅಲ್ಲಿಯವರೆಗಿನ 785 ಕಾರುಗಳನ್ನೂ ಓಡಿಸಬೇಡಿ ಎಂದಿತು, ಎಲ್ಲಕ್ಕೂ ಹೊಸ ಎಂಜಿನ್ ಹಾಕಿಕೊಟ್ಟಿತು. ಕಂಪನಿ ನಡೆದುಕೊಂಡ ರೀತಿ ಚೆನ್ನಾಗಿಯೇ ಇತ್ತು. ಆದರೆ ವರ್ಷಗಟ್ಟಲೆ ಕಾದು ಕಾರು ತಂದವನು ಅದನ್ನು ಮನೆ ಮುಂದೆ ನಿಲ್ಲಿಸಿಕೊಂಡು ನೋಡುತ್ತಾ ಕೂತದ್ದೂ ನಿಜ.

ಕೊನೆಯ ಮಾದರಿ ಎಂದರೆ ದೋಷವೇ ಇಲ್ಲ ಎಂದೂ ಅಲ್ಲ. 2015ರ ಸಿ7 ಝಡ್06 ರೇಸ್ ಟ್ರ್ಯಾಕ್‌ನಲ್ಲಿ ಕೆಲವು ಸುತ್ತಿಗೇ ಬಿಸಿಯೇರಿ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತಿತ್ತು. 2017ಕ್ಕೆ ಬಾನೆಟ್‌ನ ಗಾಳಿಕಿಂಡಿ ದೊಡ್ಡದು ಮಾಡಿ ಅದನ್ನು ಸುಧಾರಿಸಿದರು. ಆದರೆ ಎಂಟು ಗೇರಿನ ಆಟೊಮ್ಯಾಟಿಕ್ ಸಿ7ಗಳಲ್ಲಿ ರಸ್ತೆಯ ಉಬ್ಬುಪಟ್ಟಿ ಮೇಲೆ ಹೋದ ಹಾಗೆ ನಡುಗುವ ತೊಂದರೆ ಬಹಳ ಕಾಲ ಕಾಡಿತು. ಗೇರ್ ಆಯಿಲ್ ಪೂರ್ತಿ ಬದಲಿಸಿ ಬೇರೆ ಥರದ್ದು ಹಾಕುವುದು ಅದಕ್ಕೆ ಮದ್ದು. ಹಳೆಯದರ ಅನುಕೂಲ ಏನೆಂದರೆ ಕಾಯಿಲೆಯ ಹೆಸರು ಗೊತ್ತಿರುತ್ತದೆ, ಮದ್ದೂ ಗೊತ್ತಿರುತ್ತದೆ. ಮೊದಲ ವರ್ಷದ ಕಾರಿನಲ್ಲಿ ಆ ಹೆಸರು ಇಡುವ ಭಾಗ್ಯ ನಿಮ್ಮದು.

"ಇಂಥದ್ದು ಮತ್ತೆ ಬರಲ್ಲ, ಬೆಲೆ ಏರಿಯೇ ಏರುತ್ತೆ." ಹೋಗುವ ಕಾರನ್ನು ಕೊಳ್ಳಲು ಜನ ಕೊಡುವ ದೊಡ್ಡ ಕಾರಣ ಇದು. ನಿಜವೇ? ಇದಕ್ಕೆ ಪೋರ್ಷೆಯಲ್ಲೇ ಎರಡೂ ಥರದ ಉತ್ತರ ಇದೆ.

911 ಕಾರು 1998ರವರೆಗೆ ಗಾಳಿಯಿಂದ ಎಂಜಿನ್ ತಣಿಸುತ್ತಿತ್ತು. ಹೊಗೆ, ಸದ್ದಿನ ನಿಯಮ ಬಿಗಿಯಾದಂತೆ ಅದು ಸಾಧ್ಯವಿಲ್ಲದೆ ಹೋಯಿತು. 996 ಎಂಬ ಹೊಸ ತಲೆಮಾರು ನೀರಿನಿಂದ ತಣಿಯುವ ಎಂಜಿನ್ ಹೊತ್ತು ಬಂತು. ಹೊಸದು ವೇಗವಾಗಿತ್ತು, ಆರಾಮವಾಗಿತ್ತು. ಗಾಳಿ ಎಂಜಿನ್‌ನ ಕೊನೆಯ ತಲೆಮಾರಾದ 993ರ ಬೆಲೆ ಮಾತ್ರ ವರ್ಷಗಳು ಕಳೆದಂತೆ 996ರನ್ನು ಎಲ್ಲೋ ಹಿಂದೆ ಬಿಟ್ಟು ಏರಿತು. ನಿಯಮವೇ ಆ ಬಾಗಿಲು ಮುಚ್ಚಿದ್ದರಿಂದ ಗಾಳಿ ಎಂಜಿನ್ ವಾಪಸ್ ಬರುವ ದಾರಿಯೇ ಇರಲಿಲ್ಲ.

ಇನ್ನೊಂದು ಕತೆ. ಮೇಲೆ ಹೇಳಿದ 991 ಜಿಟಿ3ಯಲ್ಲಿ ಮ್ಯಾನ್ಯುವಲ್ ಗೇರ್ ತೆಗೆದುಹಾಕಿದ್ದರು. ಅಭಿಮಾನಿಗಳು ಗೋಳಾಡಿದರು. 2016ರಲ್ಲಿ ಮ್ಯಾನ್ಯುವಲ್ ಇರುವ 911 ಆರ್ ಎಂಬ ಕಾರನ್ನು ಪೋರ್ಷೆ ಬರೀ 991 ಸಂಖ್ಯೆಯಲ್ಲಿ ಮಾಡಿತು. ಮೂಲ ಬೆಲೆಯ ಎರಡು ಮೂರು ಪಟ್ಟು ಕೇಳಿದರು, ಕೊಡುವವರೂ ಇದ್ದರು. ಮರುವರ್ಷವೇ ಮಾಮೂಲಿ ಜಿಟಿ3ಯಲ್ಲಿ ಮ್ಯಾನ್ಯುವಲ್ ವಾಪಸ್ ಬಂತು. 911 ಆರ್ ಬೆಲೆ ದಡದಡ ಇಳಿಯಿತು. ಇಲ್ಲಿ ಬಾಗಿಲು ಮುಚ್ಚಿದ್ದು ನಿಯಮವಲ್ಲ, ಕಂಪನಿ. ಬೇಕೆನಿಸಿದಾಗ ಕಂಪನಿಯೇ ತೆರೆಯಿತು.

ಹಾಗಾಗಿ ಹಳೆಯದರಲ್ಲಿ ಇದ್ದದ್ದು ಏಕೆ ಹೋಯಿತು ಎಂದು ಕೇಳಿಕೊಳ್ಳಿ. ಕಾನೂನಿನಿಂದ ಹೋಯಿತೋ, ಕಾರಿನ ಮೈಕಟ್ಟಿನಿಂದಲೋ, ಕಂಪನಿಯ ಮನಸ್ಸಿನಿಂದಲೋ? ಕಾರ್ವೆಟ್‌ನ ಕ್ಲಚ್ ಹೋದದ್ದು ಮೈಕಟ್ಟಿನಿಂದ, ಅಂದರೆ ನಡುವಿನ ಸ್ಥಿತಿ. ಸಿ8ರಲ್ಲಿ ಅದು ವಾಪಸ್ ಬರುವುದು ಕಷ್ಟ. ಆದರೂ ಬೆಲೆ ಏರುತ್ತದೆ ಎಂಬ ಆಸೆಯಿಂದ ಸಿ7 ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಕಾರ್ವೆಟ್ ವರ್ಷಕ್ಕೆ ಹತ್ತಾರು ಸಾವಿರ ತಯಾರಾಗುವ ಕಾರು. ಅಪರೂಪದ ವಸ್ತುವಲ್ಲ.

ಇದೆಲ್ಲ ಬೆಂಗಳೂರಿನವರಿಗೆ ಯಾಕೆ? ಕಾರ್ವೆಟ್ ಇಲ್ಲಿ ಅಧಿಕೃತವಾಗಿ ಯಾವತ್ತೂ ಮಾರಾಟವಾಗಿಲ್ಲ. ಷೆವರ್ಲೆಯೇ 2017ರ ಕೊನೆಗೆ ಇಲ್ಲಿನ ಮಾರಾಟ ನಿಲ್ಲಿಸಿತು. ಕಾರ್ಖಾನೆಯಿಂದಲೇ ಬಲಗಡೆ ಸ್ಟಿಯರಿಂಗ್ ಇಟ್ಟುಕೊಂಡು ಬಂದ ಮೊದಲ ಕಾರ್ವೆಟ್ ಸಿ8 ಎಂಬುದಷ್ಟೇ ಸಮಾಧಾನ. ಅದರಲ್ಲಿ ಇನ್ನೊಂದು ಸೊಗಸು ಇದೆ. ಉಬ್ಬು ಬಂದಾಗ ಗುಂಡಿ ಒತ್ತಿದರೆ ಕಾರಿನ ಮೂತಿ ಮೇಲೇಳುತ್ತದೆ, ಆ ಜಾಗವನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಂಡು ಮುಂದಿನ ಸಲ ತಾನಾಗಿಯೇ ಏಳುತ್ತದೆ. 1000 ಜಾಗ ನೆನಪಿಡುತ್ತದಂತೆ. ನಮ್ಮ ಬಡಾವಣೆಗೇ ಮುಗಿದುಹೋಗುತ್ತದೆ ಬಿಡಿ.

ಆದರೆ ಪೋರ್ಷೆ, ಬಿಎಂಡಬ್ಲ್ಯು ನೋಡುವವರಿಗೆ ಇಲ್ಲಿಯೂ ಇದೇ ಪ್ರಶ್ನೆ, ಲೆಕ್ಕ ಮಾತ್ರ ಇನ್ನೂ ಖಾರ. ಪೂರ್ತಿ ತಯಾರಾಗಿ ಬರುವ ದುಬಾರಿ ಕಾರಿಗೆ ಆಮದು ಸುಂಕವೇ ಬೆಲೆಯ ಶೇ 110ರ ಸುಮಾರು. ಅದರ ಮೇಲೆ ಜಿಎಸ್‌ಟಿ. ಅದರ ಮೇಲೆ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ 18ರ ಜೀವಾವಧಿ ತೆರಿಗೆ, ಮತ್ತೆ ಸೆಸ್. ಆರ್‌ಟಿಒಗೆ ಕಟ್ಟಿದ ದುಡ್ಡನ್ನು ಮುಂದೆ ಕೊಳ್ಳುವವನು ಪೂರ್ತಿ ತುಂಬಿಕೊಡುವುದಿಲ್ಲ. ಹಾಗಾಗಿ ಮೊದಲ ಮಾಲೀಕನಿಗೆ ಬೀಳುವ ಹೊಡೆತ ಅಮೆರಿಕಕ್ಕಿಂತ ಜೋರು. ಎರಡು ಮೂರು ವರ್ಷ ಓಡಿದ, ದಾಖಲೆ ಸರಿ ಇರುವ ಹಳೆಯ ಮಾದರಿ ಇಲ್ಲಿ ಆಕರ್ಷಕವಾಗಿ ಕಾಣುವುದು ಅದಕ್ಕೇ. ಷೋರೂಮಿನಲ್ಲಿ ಉಳಿದಿರುವ ಹೊಸ ಕಾರನ್ನೇ ರಿಯಾಯಿತಿಗೆ ಕೊಳ್ಳುವುದಾದರೆ ತಯಾರಾದ ತಿಂಗಳು, ವರ್ಷ ನೋಡಿ. ನೀವು ನೋಂದಣಿ ಮಾಡಿಸುವುದು ಈ ವರ್ಷವಾದರೂ ನಾಳೆ ಮಾರುವಾಗ ಎದುರಿಗಿನವನು ಕೇಳುವುದು ತಯಾರಾದ ವರ್ಷವನ್ನೇ. ಆ ವ್ಯತ್ಯಾಸವನ್ನು ಇವತ್ತೇ ಬೆಲೆಯಲ್ಲಿ ಇಳಿಸಿಕೊಳ್ಳಿ. ಕಾರು ಪೂರ್ತಿ ಜಖಂ ಆದರೆ ಬಿಲ್ಲಿನ ಬೆಲೆ ಕೊಡುವ 'ರಿಟರ್ನ್ ಟು ಇನ್‌ವಾಯ್ಸ್' ಅನ್ನು ವಿಮೆಗೆ ಸೇರಿಸುವುದನ್ನು ಮರೆಯಬೇಡಿ.

ಅಕ್ಕನ ಮಗ ಏನು ಮಾಡಿದ ಎಂದು ಹೇಳಲಿಲ್ಲ ಅಲ್ವಾ? ಮೊದಲು ಹೊಸದನ್ನೇ ಕೇಳಲು ಹೋದ. ಒಬ್ಬ ಡೀಲರ್ ಸ್ಟಿಕರ್ ಮೇಲೆ 15 ಸಾವಿರ ಡಾಲರ್ ಕೇಳಿದಾಗ ಸಿಟ್ಟು ಬಂದು ವಾಪಸ್ ಬಂದ. 2019ರ ಡಿಸೆಂಬರ್ ಕೊನೆಯ ವಾರ, ಬೇರೊಂದು ಊರಿನಲ್ಲಿ ನಿಂತಿದ್ದ ಸಿ7 ಗ್ರ್ಯಾಂಡ್ ಸ್ಪೋರ್ಟ್, ಏಳು ಗೇರಿನ ಮ್ಯಾನ್ಯುವಲ್, ಚೌಕಾಸಿ ಮಾಡಿ ತಂದ. ಗ್ರ್ಯಾಂಡ್ ಸ್ಪೋರ್ಟ್ ಅಂದರೆ ಝಡ್06ರ ಅಗಲವಾದ ಮೈ, ದೊಡ್ಡ ಬ್ರೇಕು, ಆದರೆ ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಸೂಪರ್‌ಚಾರ್ಜರ್ ಇಲ್ಲದ 460 ಎಚ್‌ಪಿ ಎಂಜಿನ್. ಕಾದು ಕುದಿಯುವ ರಗಳೆ ಇಲ್ಲ. ಸಿ7 ಪೈಕಿ ಯಾವುದು ಎಂದು ಕೇಳಿದರೆ ನನ್ನ ಮತವೂ ಅದಕ್ಕೇ.

2021ರಲ್ಲಿ ಅವನ ಆಫೀಸಿನ ಗೆಳೆಯನೊಬ್ಬ ಸಿ8ರನ್ನು ವರ್ಷ ಓಡಿಸಿ, ಲಾಭಕ್ಕೆ ಮಾರಿದ. ನನ್ನ ಮಾತು ಕೇಳಿ ಕೆಟ್ಟನೇನೋ ಎಂದು ನನಗೇ ಕಸಿವಿಸಿ. ಕೇಳಿದೆ. "ಅದಿರ್ಲಿ ಮಾವ, ಅವನ ಕಾರಲ್ಲಿ ಹಿಂದಿನ ಡಿಕ್ಕಿ ಎಂಜಿನ್ ಪಕ್ಕ ಇದೆ, ಸಿಕ್ಕಾಪಟ್ಟೆ ಬಿಸಿ. ಇಂಡಿಯನ್ ಸ್ಟೋರಿಂದ ದೋಸೆ ಹಿಟ್ಟು ತಂದ್ರೆ ಮನೆ ಸೇರೋಷ್ಟರಲ್ಲಿ ಹುಳಿ" ಎಂದು ನಕ್ಕ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. ಈಗ ಓಡಿದ ಸಿ8ಗಳ ಬೆಲೆ ಚೆನ್ನಾಗಿ ಇಳಿದಿದೆಯಂತೆ. ಮೊದಲ ವರ್ಷದ ತೊಂದರೆಗಳೂ ಸರಿಹೋಗಿವೆ. ಗ್ಯಾರೇಜ್‌ನಲ್ಲಿ ಇನ್ನೊಂದು ಕಾರಿಗೆ ಜಾಗ ಇದೆ ಎಂದು ಎರಡು ಸಲ ಹೇಳಿದ. ಅಕ್ಕನಿಗೆ ಇನ್ನೂ ವಿಷಯ ಗೊತ್ತಿಲ್ಲ.